ಮುಟ್ಟುವ ಹಕ್ಕು ಯಾರದು?



ಕನ್ನಡದಲ್ಲಿ ಮುಟ್ಟು ಅಂತ ಒಂದು ಮಾತಿದೆ. ಕೈ ತಾಗಿಸುವುದೂ ಮುಟ್ಟೇ, ಹೆಂಗಸರು ತಿಂಗಳಿಗೊಮ್ಮೆ ಹೊರಗಾಗುವುದೂ ಮುಟ್ಟೇ. ಮುಟ್ಟಾದವಳನ್ನು ಮೂರು ದಿನ ಮುಟ್ಟಬಾರದು. ನಮ್ಮನ್ನು ಮುನ್ನೂರ ಅರವತ್ತೈದು ದಿನವೂ ಮುಟ್ಟಬಾರದು. ಹೊಲೆ ಅಂತ ಇನ್ನೊಂದು ಮಾತಿದೆ. ಕಿಟ್ಟೆಲ್ ಪಾದ್ರಿ 1894ರಲ್ಲಿ ಅಚ್ಚು ಹಾಕಿಸಿದ ನಿಘಂಟು ತೆಗೆದು ನೋಡಿ. ಮುಟ್ಟಿನ ಮೈಲಿಗೆಗೂ ಹೆರಿಗೆಯ ಮೈಲಿಗೆಗೂ ಅದೇ ಮಾತು. ಅದೇ ಮಾತಿಗೆ ಒಂದಕ್ಷರ ಸೇರಿಸಿ ನಮ್ಮ ಅಪ್ಪ, ತಾತಂದಿರನ್ನು ಕೂಗಿದರು. ಹೊಲದಿಂದ ಆ ಹೆಸರು ಬಂತು ಅನ್ನುವ ಪಂಡಿತರೂ ಇದ್ದಾರೆ. ಇರಲಿ. ಕೂಗಿದ ಊರಿನವನ ಬಾಯಲ್ಲಿ ಹೊಲ ಇರಲಿಲ್ಲ, ಹೊಲೆಯೇ ಇತ್ತು.

12ನೇ ಶತಮಾನದ ಶರಣರಿಗೆ ಇದು ಗೊತ್ತಿತ್ತು. ಅವರು ಬೇಡವೆಂದ ಐದು ಸೂತಕಗಳಲ್ಲಿ ಹುಟ್ಟಿನ ಸೂತಕ, ಸಾವಿನ ಸೂತಕ, ಎಂಜಲ ಸೂತಕದ ಜೊತೆಗೆ ಮುಟ್ಟಿನ ಸೂತಕ, ಜಾತಿ ಸೂತಕ ಎರಡೂ ಒಂದೇ ಸಾಲಿನಲ್ಲಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋಕೆ ಆಗಲ್ಲ ಅನ್ನುವುದು ಆ ಲೆಕ್ಕ.

ನಾವು ಹೇಳುವ ಮಾತೂ ಅಷ್ಟೇ. ಮೈ ಬಗ್ಗೆ ತಿಳಿಯುವುದು, ಮೈ ಮೇಲಿನ ಹಕ್ಕನ್ನು ತಿಳಿಯುವುದು ಅಸ್ಪೃಶ್ಯತೆಯ ವಿರುದ್ಧದ ಹೋರಾಟದ ಕೆಲಸವೇ. "ಇದು ಹೆಂಗಸರ ವಿಷಯ, ಮೊದಲು ಭೂಮಿ, ನೌಕರಿ ನೋಡೋಣ, ಇದು ಆಮೇಲೆ" ಅನ್ನುವ ಗೆಳೆಯರಿಗಾಗಿ ಇದನ್ನು ಬರೀತಿದ್ದೀವಿ.

ಬೇಲಿ ಒಂದೇ

2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಆಗಿನ ಲೋಕಸಭಾ ಸದಸ್ಯ ಎ. ನಾರಾಯಣಸ್ವಾಮಿಯವರು ಪಾವಗಡ ತಾಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ದಲಿತ ಅಂತ ಅವರನ್ನು ಹಟ್ಟಿಯೊಳಗೆ ಬಿಡಲಿಲ್ಲ. ಅವರ ಪಕ್ಷ ಯಾವುದು, ರಾಜಕೀಯ ಯಾವುದು ಅನ್ನುವುದು ಬೇರೆ ಮಾತು. ದೆಹಲಿಯ ಪಾರ್ಲಿಮೆಂಟಿನೊಳಗೆ ಕೂರುವ ಮನುಷ್ಯ ಒಂದು ಹಟ್ಟಿಯ ಬೇಲಿ ದಾಟೋಕೆ ಆಗಲಿಲ್ಲ. ಪತ್ರಿಕೆಗಳು ಬರೆದವು, ನಾವೂ ಕೆರಳಿದೆವು. ಕೆರಳಬೇಕಾದ್ದೇ.

2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಒಬ್ಬ ಹಸಿ ಬಾಣಂತಿಯನ್ನು ಕೂಸಿನ ಸಮೇತ ಊರಾಚೆಯ ಗುಡಿಸಲಿನಲ್ಲಿ ಇಟ್ಟರು. ಮಳೆಗಾಲ. ಚಳಿ, ಶೀತಗಾಳಿ. ಕೂಸು ಸತ್ತುಹೋಯಿತು. ಹೆರಿಗೆಯ ಸೂತಕ ಹಟ್ಟಿಯೊಳಗೆ ಬಂದರೆ ದೇವರಿಗೆ ಆಗಲ್ಲ ಅನ್ನುವುದು ಕಾರಣ.

ಈ ಎರಡು ಸುದ್ದಿಯನ್ನು ಪಕ್ಕಪಕ್ಕ ಇಟ್ಟು ಓದಿ. ಹೊರಗಿನಿಂದ ಬರುವ ನಮ್ಮನ್ನು ತಡೆಯುವುದೂ ಒಳಗೆ ಹುಟ್ಟಿದ ಹೆಣ್ಣುಮಕ್ಕಳನ್ನು ಹೊರಗೆ ದಬ್ಬುವುದೂ ಒಂದೇ ಬೇಲಿ. ಶಿರಾ ಸೀಮೆಯ ಗೊಲ್ಲರು ಜುಂಜಪ್ಪನಿಗೆ ನಡೆದುಕೊಳ್ಳುವವರು. ಜುಂಜಪ್ಪನನ್ನೂ ಒಬ್ಬ ತಾಯಿಯೇ ಹೆತ್ತದ್ದು. ಹೆತ್ತವಳ ರಕ್ತ ಮಗನಿಗೆ ಮೈಲಿಗೆ ಅಂತ ಯಾವಾಗ ಆಯಿತು?

ಗೊಲ್ಲರ ಹುಡುಗರನ್ನು ಬೈಯೋಕೆ ಇದನ್ನು ಹೇಳ್ತಿಲ್ಲ. ಅವರೂ ನಮ್ಮ ಹಾಗೇ ಕುರಿ ಕಾದು, ಕಡಲೆಕಾಯಿ ಕಿತ್ತು, ಬಸ್ಸಿಲ್ಲದ ಊರಿಂದ ನಡೆದು ಬಂದು ಹಿಂದುಳಿದ ವರ್ಗಗಳ ಹಾಸ್ಟೆಲ್ಲು ಸೇರಿದವರು. ನಮ್ಮ ಕೇರಿಗಳೇನು ಸಾಚಾ ಅಲ್ಲ. ಮುಟ್ಟಾದ ಸೊಸೆಯನ್ನು ಮೂಲೆಗೆ ಕೂರಿಸುವ ಅತ್ತೆ, ಮಾರಮ್ಮನ ಗುಡಿ ಹತ್ತಿರ ಬರಬೇಡ ಅನ್ನುವ ಪೂಜಾರಿ ನಮ್ಮಲ್ಲೂ ಇದ್ದಾರೆ. ಮೇಲಿನವನು ನಮ್ಮನ್ನು ಹೊರಗಿಟ್ಟ, ನಾವು ನಮ್ಮ ಅವ್ವನನ್ನು ಹೊರಗಿಟ್ಟೆವು. ಪುರೋಹಿತಶಾಹಿ ಗೆದ್ದದ್ದು ಹೀಗೆ.

ಇದಕ್ಕೆ ಕಾನೂನು ಇದೆ. ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರಾಚೆ ಇಡುವುದು ಅದರಡಿ ಅಪರಾಧ. ಆದರೆ ಕೆಲವು ಹಟ್ಟಿಗಳಲ್ಲಿ ಸರ್ಕಾರದ ದುಡ್ಡಿನಲ್ಲೇ ಮುಟ್ಟಿನ ಹೆಂಗಸರಿಗೆ "ಕೃಷ್ಣ ಕುಟೀರ" ಅಂತ ಕಟ್ಟಡ ಕಟ್ಟಿಸಿದ್ದೂ ಇದೆ. ಸೋಗೆ ಗುಡಿಸಲು ತೆಗೆದು ಆರ್‌ಸಿಸಿ ಹಾಕಿದರೆ ಬೇಲಿ ಹೋಗುತ್ತಾ? ಬೇಲಿಗೆ ಸಿಮೆಂಟು ಬಿತ್ತು ಅಷ್ಟೇ.

ಮುಟ್ಟು ಅಂದರೆ ಏನು? ಗರ್ಭಚೀಲದ ಒಳಗೋಡೆಯ ಮೇಲೆ ಪ್ರತಿ ತಿಂಗಳೂ ಒಂದು ಮೆತ್ತನೆಯ ಪದರ ಬೆಳೆಯುತ್ತೆ. ಕೂಸು ನಿಂತರೆ ಅದಕ್ಕೆ ಹಾಸಿಗೆ ಬೇಕಲ್ಲ, ಅದಕ್ಕೆ. ಕೂಸು ನಿಲ್ಲದಿದ್ದರೆ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಹೋಗುತ್ತೆ. ಇಷ್ಟೇ. ನಾವು ಹುಟ್ಟುವ ಮೊದಲು ಮಲಗಿದ್ದ ಹಾಸಿಗೆ ಅದು. ಅದನ್ನು ಹೊಲಸು ಅನ್ನುವವನು ತಾನು ಎಲ್ಲಿಂದ ಬಂದೆ ಅಂತ ಹೇಳಲಿ. ಇನ್ನೊಂದು ಮಾತೂ ಗೊತ್ತಿರಲಿ. ಹುಟ್ಟುವುದು ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುವುದು ಗಂಡಸಿನ ವೀರ್ಯಾಣು. "ಮೂರೂ ಹೆಣ್ಣೇ ಹೆತ್ತಳು" ಅಂತ ತವರಿಗೆ ಅಟ್ಟಿಸಿಕೊಂಡ ಅಕ್ಕಂದಿರು ನಮ್ಮ ಊರೂರಲ್ಲಿದ್ದಾರೆ. ಈ ಒಂದು ಸಾಲು ಗೊತ್ತಿದ್ದಿದ್ದರೆ ಅವರು ತಲೆ ತಗ್ಗಿಸುತ್ತಿರಲಿಲ್ಲ.

ಕತ್ತಲಲ್ಲಿ ಮೈಲಿಗೆ ಇಲ್ಲ

ಹಗಲು ನಮ್ಮನ್ನು ಮುಟ್ಟದವರು ಕತ್ತಲಲ್ಲಿ ನಮ್ಮ ಅಕ್ಕತಂಗಿಯರನ್ನು ಮುಟ್ಟಿದ್ದಾರೆ. ಕಳೆ ಕೀಳುವ ಹೊಲದಲ್ಲಿ, ಸೌದೆ ತರುವ ದಾರಿಯಲ್ಲಿ, ಸಾಲ ಕೇಳೋಕೆ ಹೋದ ಪಡಸಾಲೆಯಲ್ಲಿ. ಬಸವಿ ಬಿಡುವುದು, ಮುತ್ತು ಕಟ್ಟುವುದು ಅಂತ ಅದಕ್ಕೆ ದೇವರ ಹೆಸರಿಟ್ಟರು. ಅದನ್ನು ಅಪರಾಧ ಅಂತ ಕರ್ನಾಟಕ ಸರ್ಕಾರ ಕಾಯ್ದೆ ಮಾಡಿದ್ದು 1982ರಲ್ಲಿ. ಮುಟ್ಟಬಾರದು ಅನ್ನುವ ನಿಯಮ ಬಡವರ ಮೈಗೆ ಕಾವಲಾಗಲಿಲ್ಲ. ಮುಟ್ಟಿದ ಮೇಲೆ ಬಾಯಿ ಬಿಡಬೇಡ ಅನ್ನುವ ನಿಯಮವಾಯಿತು. "ಅವಳನ್ನ ನಾನು ಮುಟ್ತೀನಾ?" ಅಂತ ನ್ಯಾಯದ ಕಟ್ಟೆಯ ಮೇಲೆ ನಗೋಕೆ ಜಾತಿಯೇ ಅವನಿಗೆ ಸಾಕ್ಷಿ.

ಹಳೇ ಕತೆ ಅನ್ನಬೇಡಿ. 2025ರ ಜನವರಿಯಲ್ಲಿ ಮಧುಗಿರಿಯ ಡಿವೈಎಸ್‌ಪಿಯೊಬ್ಬರನ್ನು ಬಂಧಿಸಿದರು. ದೂರು ಹೇಳಿಕೊಂಡು ಬಂದ ಹೆಣ್ಣುಮಗಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು ಅನ್ನುವುದು ಆರೋಪ. ಅಪರಾಧ ಕೋರ್ಟು ತೀರ್ಮಾನ ಮಾಡಲಿ. ನಾವು ಕೇಳುವುದು ಬೇರೆ. ಅದರ ವಿಡಿಯೋ ಮೊಬೈಲಿಂದ ಮೊಬೈಲಿಗೆ ಹರಿಯಿತಲ್ಲ, ಅದನ್ನು ದಾಟಿಸಿದ ಬೆರಳುಗಳು ಯಾರವು? ಓದು ಬರಹ ಬಾರದವರವಾ? ನೊಂದವಳ ವಿಡಿಯೋ ಹಂಚಿ ನಗುವವನು ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದವನೇ.

2024ರ ಜನವರಿಯಲ್ಲಿ, ನಮ್ಮ ಮಧುಗಿರಿಯ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿಗೆ ದಾಖಲಾಗಿದ್ದ ಒಂಬತ್ತನೇ ತರಗತಿಯ ಹುಡುಗಿ ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋಗಿ ಮಗು ಹೆತ್ತಳು. 2025ರ ಆಗಸ್ಟಿನಲ್ಲಿ ಯಾದಗಿರಿ ಜಿಲ್ಲೆ ಶಹಾಪುರದ ಸರ್ಕಾರಿ ವಸತಿ ಶಾಲೆಯಲ್ಲಿ ಒಂಬತ್ತನೇ ತರಗತಿಯ ಇನ್ನೊಬ್ಬ ಹುಡುಗಿ ಶೌಚಾಲಯದಲ್ಲಿ ಹೆತ್ತಳು. ಎರಡು ಕಡೆಯೂ ಅಮಾನತು ಆಯಿತು, ಪೋಕ್ಸೊ ಕೇಸೂ ಆಯಿತು. ಸರಿ. ಆದರೆ ಒಂಬತ್ತು ತಿಂಗಳು ಅಂದರೆ ಎಷ್ಟು ದಿನ? ಅಷ್ಟು ದಿನ ಆ ಮಕ್ಕಳನ್ನು ಕಣ್ಣೆತ್ತಿ ನೋಡಿದವರು ಯಾರೂ ಇಲ್ಲವೆ? ಹಾಜರಿ ಬುಕ್ಕಿಗೆ, ಆರೋಗ್ಯ ತಪಾಸಣೆಯ ರಿಜಿಸ್ಟರಿಗೆ ಕಣ್ಣಿಲ್ಲವೆ?

ಆ ಮಗುವಿಗೆ ತಿಳುವಳಿಕೆ ಇದ್ದಿದ್ದರೆ ತಪ್ಪಿಸಿಕೊಳ್ಳುತ್ತಿದ್ದಳು ಅಂತ ನಾವು ಹೇಳಲ್ಲ. ತಪ್ಪು ಮುಟ್ಟಿದವನದು. ಆದರೆ ತನ್ನ ಮೈಯಲ್ಲಿ ಏನಾಗ್ತಿದೆ ಅಂತ ಗೊತ್ತಿದ್ದರೆ, ಅದಕ್ಕೆ ಹೆಸರು ಗೊತ್ತಿದ್ದರೆ, ಮೊದಲ ತಿಂಗಳೇ ಯಾರಿಗಾದರೂ ಹೇಳೋಕೆ ಅವಳ ಹತ್ತಿರ ಮಾತು ಇರುತ್ತಿತ್ತು. ಆ ಮಾತನ್ನೇ ನಾವು ಅವಳಿಗೆ ಕಲಿಸಲಿಲ್ಲ. ಮೈಯ ಒಂದೊಂದು ಅಂಗದ ಹೆಸರನ್ನೂ ಬೈಗುಳ ಮಾಡಿಟ್ಟಿದ್ದೇವೆ. ಬೈಗುಳದಲ್ಲಿ ಯಾವ ಮಗು ದೂರು ಕೊಡುತ್ತೆ?

ಗಂಡುಮಕ್ಕಳು ಇದರಿಂದ ಹೊರಗೆ ಅಂತ ತಿಳಿಯಬೇಡಿ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ ವರದಿ ಮಾಡಿತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಅಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ದೊಡ್ಡ ಹುಡುಗರು ಚಿಕ್ಕ ಹುಡುಗರಿಗೆ ಕೊಡುವ ಕಾಟಕ್ಕೆ "ತಮಾಷೆ" ಅಂತ ಹೆಸರಿಟ್ಟು ಸುಮ್ಮನಿರುವ ಹಾಸ್ಟೆಲ್ಲುಗಳು ಈ ವರದಿ ಓದಲಿ.

ಬರೆದಿಟ್ಟುಕೊಳ್ಳಿ

ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಳ್ಳಿ. ಊರಿಗೆ ಹೋದಾಗ ಓದಿ ಹೇಳಿ.

ಒಂದು. 18 ವರ್ಷದೊಳಗಿನ ಗಂಡು, ಹೆಣ್ಣು ಯಾವ ಮಗುವಿನ ಮೇಲೂ ಲೈಂಗಿಕ ದೌರ್ಜನ್ಯ ಆದರೆ 2012ರ ಪೋಕ್ಸೊ ಕಾಯ್ದೆ ಇದೆ. ಮಗು ರಾತ್ರಿ ಠಾಣೆಯಲ್ಲಿ ಇರಬೇಕಾಗಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಪಡೆಯಬಹುದು. ಗೊತ್ತಿದ್ದೂ ದೂರು ಕೊಡದೆ ಮುಚ್ಚಿಟ್ಟ ವಾರ್ಡನ್ನು, ಹೆಡ್‌ಮೇಷ್ಟ್ರು ಕೂಡ ಶಿಕ್ಷೆಗೆ ಗುರಿ.

ಎರಡು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ಇದು ನಮ್ಮ ಸರಹದ್ದಲ್ಲ" ಅಂತ ಅಟ್ಟುವ ಹಾಗಿಲ್ಲ. ನಮ್ಮ ಜಾತಿಯವಳು ಅಂತ ಗೊತ್ತಿದ್ದೂ ಬೇರೆ ಜಾತಿಯವನು ಕೈ ಹಾಕಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರಬೇಕು. ಸೇರಿಸಿ ಅಂತ ಕೂತು ಕೇಳಬೇಕು.

ಮೂರು. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿಯಿರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಆದಷ್ಟು ಬೇಗ ಹೋಗಬೇಕು, ಬಟ್ಟೆ ಒಗೆಯದೆ ಇಟ್ಟುಕೊಳ್ಳಬೇಕು. ತಡವಾಯಿತು ಅಂತ ಹಕ್ಕು ಹೋಗಲ್ಲ. ಗರ್ಭ ನಿಲ್ಲದಂತೆ ನುಂಗುವ ಮಾತ್ರೆ ಇದೆ, 72 ಗಂಟೆಯೊಳಗೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. "ಎರಡು ಬೆರಳಿನ ಪರೀಕ್ಷೆ" ಮಾಡಬಾರದು ಅಂತ ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ.

ನಾಲ್ಕು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರಿಗೆ, ಅಪ್ರಾಪ್ತ ಹುಡುಗಿಯರಿಗೆ 24 ವಾರದವರೆಗೆ ಅವಕಾಶ ಇದೆ, ಆಗ ಇಬ್ಬರು ಡಾಕ್ಟರು ಬೇಕು. 18 ತುಂಬಿದವಳಿಗೆ ಅವಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಮದುವೆ ಆಗದವಳಿಗೂ ಅದೇ ಹಕ್ಕು ಅಂತ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಹೆಸರು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ.

ಐದು. ಅತ್ಯಾಚಾರದಲ್ಲಿ ರಾಜಿ ಇಲ್ಲ. ಮದುವೆ ಮಾಡಿಸಿ ಮುಗಿಸುವುದು ನ್ಯಾಯವಲ್ಲ ಅಂತ 2015ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅರಳೀಕಟ್ಟೆಯ ಮೇಲೆ ಐವತ್ತು ಸಾವಿರಕ್ಕೆ ಬೆಲೆ ಕಟ್ಟೋಕೆ ಬರುವ ಯಜಮಾನನ ಮುಂದೆ ಈ ಮಾತು ಹೇಳಿ.

ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112.

ಆಪರೇಷನ್ ಯಾರಿಗೆ?

2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ತಾಯಿ ಮಗು ಆಸ್ಪತ್ರೆಯಲ್ಲಿ ಹೆರಿಗೆ, ಸಂತಾನಹರಣ ಅಂತ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಕ್ಕಳಲ್ಲಿ ಮೂವರು ಒಬ್ಬರ ಹಿಂದೊಬ್ಬರು ಸತ್ತರು. ಸಿಬ್ಬಂದಿ ಮೇಲೆ ಕ್ರಮ ಆಯಿತು. 13 ಸಾವಿರ ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿ ಜಗತ್ತಿಗೇ ಹೆಸರಾದ ತಾಲೂಕಿನಲ್ಲಿ ಒಂದು ಆಪರೇಷನ್ ಕೋಣೆ ಹೆಂಗಸರ ಜೀವ ಕಾಯುವಷ್ಟು ಶುದ್ಧ ಇರಲಿಲ್ಲವೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಸಂತಾನಹರಣ ಮಾಡಿಸಿಕೊಂಡವರು. ಗಂಡಸರ ಲೆಕ್ಕ? ಸೊನ್ನೆ. ಹೆಚ್ಚು ಸುಲಭ, ಹೆಚ್ಚು ಚಿಕ್ಕ ಆಪರೇಷನ್ ಗಂಡಸರದೇ. ಆದರೆ "ಗಂಡಸು ಆಪರೇಷನ್ ಮಾಡಿಸಿಕೊಂಡರೆ ನೇಗಿಲು ಹಿಡಿಯೋಕೆ ಆಗಲ್ಲ" ಅಂತ ಸುಳ್ಳು ಹಬ್ಬಿದೆ. ಹಾಗಾದರೆ ಹೊಟ್ಟೆ ಕೊಯ್ಯಿಸಿಕೊಂಡು ತಿಂಗಳಿಗೇ ಕೂಲಿಗೆ ಹೋಗುವ ನಮ್ಮ ಅವ್ವಂದಿರು ಏನು ಹಿಡಿದುಕೊಂಡು ಬದುಕಿದ್ದಾರೆ? ಅದೇ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಜನ 18 ತುಂಬುವ ಮೊದಲೇ ಮದುವೆಯಾದವರು. ಹಾಸ್ಟೆಲ್ಲು ಬಿಡಿಸಿ ಮದುವೆ ಮಾಡಿದ ತಂಗಿಯರು ಈ ಲೆಕ್ಕದಲ್ಲಿದ್ದಾರೆ. ಅಂಥ ಮದುವೆ ಕರ್ನಾಟಕದಲ್ಲಿ ಮದುವೆಯೇ ಅಲ್ಲ, 2016ರ ತಿದ್ದುಪಡಿ ಅದನ್ನು ಅನೂರ್ಜಿತ ಅಂತ ಹೇಳುತ್ತೆ.

ಯಾರಿಗೆ ಬೇಡ ಈ ಪಾಠ?

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ದಾಸವಾಳದ ಹೂವಿನವರೆಗೆ ಮೇಷ್ಟ್ರು ಚೆನ್ನಾಗಿ ಮಾಡ್ತಾರೆ. ಮನುಷ್ಯ ಬಂದ ಕೂಡಲೇ "ಮನೇಲಿ ಓದ್ಕೊಳ್ರಪ್ಪ" ಅಂತಾರೆ. ನಮ್ಮ ಮನೇಲಿ ಓದು ಬಂದ ಮೊದಲನೆಯವರೇ ನಾವು. ಯಾರ ಹತ್ತಿರ ಓದಿಸಿಕೊಳ್ಳೋದು? ಆಮೇಲೆ ಉಳಿಯುವ ಮೇಷ್ಟ್ರು ಒಬ್ಬನೇ, ಮೊಬೈಲು. ಅದರೊಳಗಿನ ಕೊಳಕು ಸಿನಿಮಾ ಹುಡುಗನಿಗೆ ಕಲಿಸುವುದು ಒಂದೇ ಪಾಠ: ಹೆಣ್ಣು ಬೇಡ ಅಂದರೂ ಬೇಕು ಅಂತ ಅರ್ಥ.

2005ರ ಹೊತ್ತಿಗೆ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಅಂತ ಒಂದು ಕಾರ್ಯಕ್ರಮ ತಂದಿತು. 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಅದರಲ್ಲಿ ನಮ್ಮ ಕರ್ನಾಟಕವೂ ಇತ್ತು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತ ವರದಿ ಕೊಟ್ಟಿತು. ಸಂಸ್ಕೃತಿ ಹಾಳಾಗುತ್ತಂತೆ. ಯಾರ ಸಂಸ್ಕೃತಿ? ಚಂದ್ರಗುತ್ತಿಯಲ್ಲಿ ಬಡವರ ಹೆಣ್ಣುಮಕ್ಕಳು ಬೆತ್ತಲೆ ನಡೆದಾಗ ಹಾಳಾಗದ ಸಂಸ್ಕೃತಿ, ಹುಡುಗಿಗೆ ಗರ್ಭಚೀಲದ ಚಿತ್ರ ತೋರಿಸಿದರೆ ಹಾಳಾಗುತ್ತಾ? 2025ರ ಮಾರ್ಚಿನಲ್ಲಿ ಶಿಕ್ಷಣ ಮಂತ್ರಿ ಮಧು ಬಂಗಾರಪ್ಪನವರು 8ರಿಂದ 12ನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡುತ್ತೇವೆ ಅಂದರು. ಒಳ್ಳೆಯದು. ಮಾತು ಬೆಂಗಳೂರಿನಿಂದ ಹೊರಟು ಶಿರಾ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಸುಸ್ತಾಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

ಮೈ ತಿಳಿಯದ ಹೆಣ್ಣು ಯಾರಿಗೆ ಬೇಕು ಅಂತ ಕೇಳಿಕೊಳ್ಳಿ. ಎಳೆಯಳನ್ನು ಕಟ್ಟಿಕೊಳ್ಳುವವನಿಗೆ ಬೇಕು. ಹೊಲದ ಬದುವಿನಲ್ಲಿ ಕಾಯುವವನಿಗೆ ಬೇಕು. ಸೂತಕ ಕಳೆಯೋಕೆ ದಕ್ಷಿಣೆ ತಗೊಳ್ಳುವವನಿಗೆ ಬೇಕು. ಒಂದು ಕಾಲಕ್ಕೆ ನಮಗೆ ಅಕ್ಷರ ಬೇಡ ಅಂದವರೂ ಇವರೇ. "ಓದಿದರೆ ಕೆಟ್ಟುಹೋಗ್ತಾರೆ" ಅಂತ ಆಗಲೂ ಅಂದರು.

ಇದು ಪರದೇಶದ ಮಾತಲ್ಲ

ನಮ್ಮ ಶಿರಾ, ಮಧುಗಿರಿ, ಪಾವಗಡ ಮೈಸೂರು ಸಂಸ್ಥಾನದಲ್ಲಿದ್ದಾಗಲೇ, 1930ರಲ್ಲಿ, ಆ ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳಿಗೆ ಅಪ್ಪಣೆ ಕೊಟ್ಟಿತ್ತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್ಕುಗಳಲ್ಲಿ ಜಗತ್ತಿನಲ್ಲೇ ಇವು ಮೊದಲನೆಯವು ಅಂತಾರೆ.

ಬಾಬಾಸಾಹೇಬರ ಫೋಟೋ ಹಾಕದ ರೂಮು ನಮ್ಮ ಹಾಸ್ಟೆಲ್ಲಿನಲ್ಲಿ ಇಲ್ಲ. ಅವರು ಮಾಡಿದ ಈ ಕೆಲಸ ಎಷ್ಟು ಜನಕ್ಕೆ ಗೊತ್ತು? ರ.ಧೋ. ಕರ್ವೆ ಅನ್ನುವವರು ಮುಂಬಯಿಯಲ್ಲಿ "ಸಮಾಜ ಸ್ವಾಸ್ಥ್ಯ" ಅನ್ನುವ ಮರಾಠಿ ಪತ್ರಿಕೆ ನಡೆಸುತ್ತಿದ್ದರು. ಓದುಗರು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟರು ಅಂತ ಅಶ್ಲೀಲದ ಕೇಸು ಬಿತ್ತು. 1934ರಲ್ಲಿ ಅವರ ಪರ ವಾದ ಮಾಡಿದ ವಕೀಲರು ಡಾ. ಅಂಬೇಡ್ಕರ್. ಕೇಸು ಸೋತರು. ಸೋತರೂ ಬಿಡಲಿಲ್ಲ. 1938ರ ನವೆಂಬರಿನಲ್ಲಿ ಸಂತಾನ ನಿಯಂತ್ರಣದ ಸವಲತ್ತನ್ನು ಸರ್ಕಾರ ಜನಕ್ಕೆ ಕೊಡಬೇಕು ಅಂತ ಮುಂಬಯಿ ಶಾಸನಸಭೆಯಲ್ಲಿ ಪಿ.ಜೆ. ರೋಹಮ್ ಅವರ ಮೂಲಕ ನಿರ್ಣಯ ಮಂಡಿಸಿದರು. ಅದೂ ಬಿದ್ದುಹೋಯಿತು. 1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ ಸಾವಿರಾರು ತಾಯಂದಿರ ಮುಂದೆ ನಿಂತು, ಮಕ್ಕಳಿಗೆ ಮದುವೆ ಅವಸರ ಮಾಡಬೇಡಿ, ಹೆಚ್ಚು ಮಕ್ಕಳ ಹೊರೆ ಹೊರಬೇಡಿ, ಹೆಂಡತಿ ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಲಿ, ಗುಲಾಮಳಾಗೋದು ಬೇಡ ಅನ್ನುವ ಅರ್ಥದ ಮಾತು ಹೇಳಿದರು. ಇದು ಚಳವಳಿಯ ಕೆಲಸವಲ್ಲ ಅನ್ನುವವರು ಯಾವ ಅಂಬೇಡ್ಕರರನ್ನು ಓದಿದ್ದಾರೆ?

ಹುಡುಗರಿಗೆ ಒಂದು ಮಾತು

ನಮ್ಮನ್ನು ಕೇಳದೆ ನಮ್ಮ ಮೈಯನ್ನು ದುಡಿಸಿಕೊಂಡರು, ಹೊಡೆದರು, ಹೊರಗಿಟ್ಟರು. ಒಪ್ಪಿಗೆ ಇಲ್ಲದೆ ಮೈಯನ್ನು ಬಳಸುವುದು ಅಂದರೇನು ಅಂತ ನಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಹಾಗಿರುವಾಗ ಪ್ರೀತಿ ಅಂತ ಹುಡುಗಿಯ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಬೀಳುವುದು, ಬೇಡ ಅಂದವಳ ಹೆಸರನ್ನು ಗೋಡೆ ಮೇಲೆ ಗೀಚುವುದು, ಹೆಂಡತಿ ಅಂದ ಮೇಲೆ ಕೇಳೋದೇನು ಅನ್ನುವುದು ನಮ್ಮ ಬಾಯಲ್ಲಿ, ಕೈಯಲ್ಲಿ ಬರಬಾರದು. ಗೌಡನ ಗತ್ತು ನಮ್ಮ ಗುಡಿಸಲಿನೊಳಗೆ ಬಂದು ಕೂತರೆ ಅದು ಬಿಡುಗಡೆಯಲ್ಲ. ಒಪ್ಪಿಗೆ ಅಂದರೆ ಹೂಂ ಅಂದದ್ದು. ಹೆದರಿ ಸುಮ್ಮನಿದ್ದದ್ದು ಹೂಂ ಅಲ್ಲ. ನಿನ್ನೆ ಹೂಂ ಅಂದದ್ದು ಇವತ್ತಿಗೆ ಹೂಂ ಅಲ್ಲ.

ನಾವು ಕೇಳುವುದು

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಎಲ್ಲ ಸರ್ಕಾರಿ ಹಾಸ್ಟೆಲ್ಲುಗಳಲ್ಲಿ, ಗಂಡುಮಕ್ಕಳದರಲ್ಲೂ ಹೆಣ್ಣುಮಕ್ಕಳದರಲ್ಲೂ, ತಿಂಗಳಿಗೆರಡು ದಿನ ಮೈಯ ಪಾಠ, ಕಾನೂನಿನ ಪಾಠ ಆಗಬೇಕು. ಕಲಿಸೋಕೆ ನರ್ಸಮ್ಮನೋ ಡಾಕ್ಟರೋ ಬರಲಿ. ಸ್ವಾಮೀಜಿಗಳ ನೀತಿ ಉಪನ್ಯಾಸ ಬೇಡ.

ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೆಂಗಸು ವಾರ್ಡನ್ನೇ ಇರಬೇಕು, ಅಲ್ಲೇ ವಾಸ ಇರಬೇಕು. ಚಿಲಕ ಇರುವ ಬಚ್ಚಲು, ನೀರು, ದೀಪ ಬೇಕು. 2013ರಲ್ಲಿ ಶುರುವಾದ ಶುಚಿ ಯೋಜನೆಯ ಪ್ಯಾಡು ನಡುವೆ ಕೆಲವು ವರ್ಷ ನಿಂತೇ ಹೋಗಿತ್ತು. ಇನ್ನು ಒಂದು ತಿಂಗಳೂ ತಪ್ಪಬಾರದು. ಮುಟ್ಟು ತಿಂಗಳು ತಪ್ಪಿಸಿ ಬರಲ್ಲ.

ಪ್ರತಿ ಹಾಸ್ಟೆಲ್ಲಿನಲ್ಲೂ ವಿದ್ಯಾರ್ಥಿಗಳೇ ಇರುವ ದೂರು ಸಮಿತಿ ಬೇಕು. ಆರೋಗ್ಯ ತಪಾಸಣೆ ರಿಜಿಸ್ಟರಿನಲ್ಲಿ ಮುಗಿಯದೆ ಮನುಷ್ಯರಿಗೆ ಆಗಬೇಕು.

ಸರ್ಕಾರ ಕೊಡುವವರೆಗೂ ಕಾಯೋದು ಬೇಡ. ಮುಂದಿನ ಭಾನುವಾರದಿಂದ ರೂಮುಗಳಲ್ಲೇ ಶುರು ಮಾಡೋಣ. ಹತ್ತನೇ ತರಗತಿಯ ಪುಸ್ತಕ ತೆಗೆಯೋಣ, ಮೇಷ್ಟ್ರು ದಾಟಿಸಿದ ಪುಟದಿಂದ ಓದೋಣ, ಗಟ್ಟಿಯಾಗಿ ಓದೋಣ. ನಗುವವರು ಮೊದಲ ದಿನ ನಗಲಿ. ಎರಡನೇ ವಾರ ಅವರೇ ಪ್ರಶ್ನೆ ಕೇಳ್ತಾರೆ. ಊರಿಗೆ ಹೋದಾಗ ಮುಟ್ಟಾದ ಅಕ್ಕನ ತಟ್ಟೆಯಲ್ಲೇ ಊಟ ಮಾಡೋಣ. ಬಾಣಂತಿಯನ್ನು ಹಟ್ಟಿಯಿಂದ ಹೊರಗಿಟ್ಟಿದ್ದು ಕಂಡರೆ 181ಕ್ಕೆ ಫೋನು ಮಾಡೋಣ.

ನಮ್ಮನ್ನು ಮುಟ್ಟಬೇಡಿ ಅಂದವರ ಬೇಲಿಯನ್ನು ಮುರಿಯೋಕೆ ಹೊರಟವರು ನಾವು. ನನ್ನನ್ನು ಮುಟ್ಟಬೇಡ ಅಂತ ಒಬ್ಬ ಹುಡುಗಿ ಹೇಳಿದರೆ ಆ ಮಾತಿಗೆ ಕಾವಲು ನಿಲ್ಲಬೇಕಾದವರೂ ನಾವೇ.

ಜೈ ಭೀಮ್.